ಆರನೆಯ ಸ್ಥಾನ

ತೋಟದಲ್ಲಿ ಐದು ಸ್ಥಾನಗಳಿವೆ, ಐದೇ ಇವೆ ಎಂದು ಆಗ ಎಲ್ಲರೂ ನಂಬಿದ್ದರು.

ಊರ ನಡುವಿನ ಸಾರ್ವಜನಿಕ ತೋಟ ಅದು. ಬೇಲಿಯ ಒಳಗೆ ಗುಂಡಗೆ ಒಂದು ಕಾಲುದಾರಿ. ಒಂದು ಸುತ್ತಿಗೆ ಒಂದು ಕಿಲೋಮೀಟರು.

ಹೊಂಬಾಳಯ್ಯ ಮೇಷ್ಟ್ರು ದಿನವೂ ಬೆಳಿಗ್ಗೆ ಆ ದಾರಿಯಲ್ಲಿ ಒಂದು ಸುತ್ತು ಹಾಕುತ್ತಿದ್ದರು. ನಡುನಡುವೆ ಐದು ಕಡೆ ನಿಲ್ಲುತ್ತಿದ್ದರು. ನಿಂತಾಗ ಕಣ್ಣು ಮುಚ್ಚುತ್ತಿದ್ದರು. ತುಸು ಹೊತ್ತಿನ ಮೇಲೆ ಕಣ್ಣು ತೆರೆದು ಮುಂದಕ್ಕೆ ಹೋಗುತ್ತಿದ್ದರು.

ಮೊದಲನೆಯ ಕಡೆ ಹಳೆಯ ಬಾವಿ ಇತ್ತು. ಎರಡನೆಯ ಕಡೆ ದೀಪದ ಕಂಬ. ಮೂರನೆಯದು ಬಿದಿರ ಮೆಳೆ. ನಾಲ್ಕನೆಯದು ಸಸಿಗಳಿಗೆಂದು ಸುರಿದ ಮಣ್ಣಿನ ಗುಡ್ಡೆ. ಐದನೆಯದರಲ್ಲಿ ಏನೂ ಇರಲಿಲ್ಲ, ಬರೀ ಬಯಲು.

ನೀರು, ಬೆಂಕಿ, ಗಾಳಿ, ಮಣ್ಣು, ಆಕಾಶ. ಪಂಚಭೂತ.

ಇದನ್ನು ಕಂಡುಹಿಡಿದವರು ವಾಯುವಿಹಾರಿಗಳ ಸಂಘದ ಅಧ್ಯಕ್ಷೆ ಅನಸೂಯಮ್ಮ. ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಕಂಡುಹಿಡಿದದ್ದನ್ನು ಅಲ್ಲಿಗೇ ಬಿಡುವ ಜಾಯಮಾನ ಅವರದಲ್ಲ. ಹೋದ ಸಂಕ್ರಾಂತಿಯ ದಿನ ಐದು ಕಡೆಯೂ ಕಲ್ಲು ನೆಡಿಸಿದರು. ‘ಪಂಚಸ್ಥಾನ ಮಹಿಮೆ’ ಎಂಬ ಹದಿನಾರು ಪುಟದ ಪುಸ್ತಿಕೆ ಅಚ್ಚಾಯಿತು.

ಮೇಷ್ಟ್ರು ಅದಕ್ಕೂ ಮೊದಲು ಎಷ್ಟು ಕಡೆ ನಿಲ್ಲುತ್ತಿದ್ದರು ಎಂದು ಯಾರೂ ಎಣಿಸಿರಲಿಲ್ಲ.

ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಆಗ ಯಾರೂ ಅವರನ್ನು ಜ್ಞಾನಿ ಎಂದಿರಲಿಲ್ಲ. ಗಡ್ಡ ಬಿಟ್ಟದ್ದು ನಿವೃತ್ತಿಯ ನಂತರ.

ಕಲ್ಲು ನೆಡುವ ದಿನ ಅನಸೂಯಮ್ಮ ಕೈಮುಗಿದು ಕೇಳಿದ್ದರು: “ಈ ಕಲ್ಲು ತಮಗೆ ಒಪ್ಪಿಗೆಯೇ ಮೇಷ್ಟ್ರೇ?”

ಮೇಷ್ಟ್ರು ಕಲ್ಲಿನ ಚೂಪು ತುದಿಯನ್ನು ಸವರಿ ನೋಡಿದರು.

“ಸ್ವಲ್ಪ ಚಪ್ಪಟೆ ಮಾಡಿಸಬಹುದಾಗಿತ್ತು,” ಎಂದರು.

ಅಹಂಕಾರವನ್ನು ಚಪ್ಪಟೆ ಮಾಡಬೇಕು ಎಂಬುದು ಇದರ ಅರ್ಥವೆಂದು ಪುಸ್ತಿಕೆಯ ಒಂಬತ್ತನೆಯ ಪುಟದಲ್ಲಿದೆ.

*

ಪುಸ್ತಿಕೆಯನ್ನು ಅಚ್ಚು ಹಾಕಿದವನು ಶಾಂತಮಲ್ಲಪ್ಪ. ಪೇಟೆಯಲ್ಲಿ ಅವನದೊಂದು ಸಣ್ಣ ಪ್ರೆಸ್ಸು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು. ಐವತ್ತನಾಲ್ಕು ವರ್ಷ. ಹುಡುಗನಾಗಿದ್ದಾಗ ಮೇಷ್ಟ್ರ ಹತ್ತಿರವೇ ಭೂಗೋಳ ಕಲಿತು ಎರಡು ಸಲ ನಪಾಸಾಗಿದ್ದ.

ಅಚ್ಚು ಹಾಕುವಾಗ ಅವನು ಪುಸ್ತಿಕೆಯನ್ನು ಓದಿರಲಿಲ್ಲ. ಓದಿದ್ದು ಈ ವರ್ಷ ಆಸ್ಪತ್ರೆಯ ಮಂಚದ ಮೇಲೆ.

ಭಾದ್ರಪದದಲ್ಲಿ ಅವನ ಎದೆಯೊಳಗೆ ಒಂದು ಸ್ಟೆಂಟು ಕೂರಿಸಿದ್ದರು.

“ದಿನಾ ನಡೀಬೇಕು. ಏದುಸಿರು ಬಂದ್ರೆ ನಿಂತುಬಿಡಿ,” ಎಂದಿದ್ದರು ಡಾಕ್ಟರು.

ನಡೆಯುವುದು ಕಷ್ಟವಿರಲಿಲ್ಲ. ಕಷ್ಟ ಇದ್ದದ್ದು ನಿಲ್ಲುವುದರಲ್ಲಿ.

ಏಕೆಂದರೆ ಆ ತೋಟದಲ್ಲಿ ಮೂರು ಜಾತಿಗಳಿದ್ದವು. ಐದು ಸುತ್ತಿನವರು, ಮೂರು ಸುತ್ತಿನವರು, ಬೆಂಚಿನವರು. ಐದು ಸುತ್ತಿನವರು ಮೂರು ಸುತ್ತಿನವರಿಗೆ ತಲೆಯಾಡಿಸುತ್ತಿದ್ದರು, ಮಾತಾಡಿಸುತ್ತಿರಲಿಲ್ಲ. ಬೆಂಚಿನವರನ್ನು ಎಲ್ಲರೂ ಮಾತಾಡಿಸುತ್ತಿದ್ದರು, ಅದೂ ಬಹಳ ಮೃದುವಾಗಿ. ನಡುದಾರಿಯಲ್ಲಿ ಒಮ್ಮೆ ನಿಂತವನನ್ನು ಯಾರಾದರೂ ಕೈಹಿಡಿದು ಬೆಂಚಿಗೆ ಕೂರಿಸುತ್ತಿದ್ದರು. ಬೆಂಚಿಗೆ ಹೋದವನು ದಾರಿಗೆ ವಾಪಸು ಬಂದದ್ದಿಲ್ಲ.

ಬೆಂಚಿನವರು ಆಮೇಲೆ ಎಲ್ಲಿಗೆ ಹೋಗುತ್ತಾರೆಂದು ಶಾಂತಮಲ್ಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ತಿಥಿ ಕಾರ್ಡುಗಳು ಅವನ ಪ್ರೆಸ್ಸಿನಲ್ಲೇ ಆಗುತ್ತಿದ್ದವು.

ಆದ್ದರಿಂದ ಸ್ಟೆಂಟಿನ ವಿಷಯವನ್ನು ಅವನು ತೋಟದಲ್ಲಿ ಯಾರಿಗೂ ಹೇಳಲಿಲ್ಲ. ಹೆಂಡತಿ ರಾಜಮ್ಮಣ್ಣಿಗೆ ಮಾತ್ರ ಗೊತ್ತು.

“ಡಾಕ್ಟ್ರು ನಿಲ್ಲಿ ಅಂದಿಲ್ವಾ? ನಿಲ್ಲಿ ಮತ್ತೆ,” ಎನ್ನುತ್ತಿದ್ದಳು ಅವಳು.

“ನಿಲ್ಲೋಕೆ ಒಂದು ಜಾಗ ಬೇಡವೇನೇ?”

“ಇಡೀ ತೋಟ ಇದೆಯಲ್ರೀ!”

“ನಿನಗೆ ತೋಟ ಗೊತ್ತಿಲ್ಲ.”

ಆಸ್ಪತ್ರೆಯಲ್ಲಿ ಪುಸ್ತಿಕೆ ಓದುವಾಗ ಅವನಿಗೆ ಹೊಳೆದದ್ದು ಇಷ್ಟೆ. ಐದು ಕಲ್ಲುಗಳ ಹತ್ತಿರ ಎಷ್ಟು ಹೊತ್ತು ನಿಂತರೂ ಯಾರೂ ಕೈಹಿಡಿದು ಬೆಂಚಿಗೆ ಕೂರಿಸುವುದಿಲ್ಲ. ಅಲ್ಲಿ ನಿಂತವನು ಸುಸ್ತಾದವನಲ್ಲ, ಸಾಧಕ. ಮೇಷ್ಟ್ರ ಜೊತೆ ಇದ್ದವನನ್ನು ಎಷ್ಟು ಸುತ್ತು ಎಂದು ಕೇಳುವ ಧೈರ್ಯ ಯಾರಿಗಿದೆ?

ಹೀಗೆ ಅವನಿಗೆ ವೈರಾಗ್ಯ ಬಂತು.

*

ಶಿಷ್ಯನಾಗಲು ಹೋದ ದಿನ ಮೇಷ್ಟ್ರು ಗೇಟಿನ ಹತ್ತಿರ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು.

“ನಿಮ್ಮ ಹಿಂದೆ ನಡೀಬೇಕು ಅಂತ ಬಂದಿದೀನಿ ಮೇಷ್ಟ್ರೇ.”

“ಹಿಂದೆ ಯಾಕೆ? ದಾರಿ ಅಗಲ ಇದೆ. ಪಕ್ಕದಲ್ಲಿ ಬಾ.”

ಮುಂದೆ ಈ ಮಾತನ್ನು ಅವನು ಪುಸ್ತಿಕೆಯ ಎರಡನೆಯ ಮುದ್ರಣಕ್ಕೆ ಸೇರಿಸಿದ.

ಹೀಗೆ ಕಾರ್ತಿಕ ಕಳೆಯಿತು, ಧನುರ್ಮಾಸ ಬಂತು. ಬೆಳಿಗ್ಗೆ ಆರೂವರೆಗೆ ಮಂಜಿನಲ್ಲಿ ಬಾವಿಯೂ ಕಾಣದು, ಕಂಬವೂ ಕಾಣದು. ಮಂಕಿ ಕ್ಯಾಪುಗಳು ಮಾತ್ರ ಓಡಾಡುವಂತೆ ತೋರುತ್ತಿತ್ತು. ಗೇಟಿನಾಚೆ ಒಬ್ಬಳು ಸೊಗಡವರೆ ಕಾಯಿ ಸುರಿದುಕೊಂಡು ಕೂರುತ್ತಿದ್ದಳು. ಇನ್ನೊಬ್ಬ ಗರಿಕೆ ರಸ ಮಾರುತ್ತಿದ್ದ. ಬಯಲಿನ ಕಡೆಯಿಂದ ನಗೆಕೂಟದವರ ನಗು ಕೇಳುತ್ತಿತ್ತು. ಅವರು ಹಾಜರಿ ತೆಗೆದುಕೊಂಡ ಮೇಲೆ ನಗುತ್ತಿದ್ದರು.

ಚಳಿಗೆ ಎಲ್ಲರ ಮೂಗೂ ಕೆಂಪಾಗಿತ್ತು. ಎಲ್ಲರೂ ಖುಷಿಯಾಗಿಯೇ ಇದ್ದರು.

ಒಂದು ದಿನ ಬಾವಿಯ ಕಲ್ಲಿನ ಹತ್ತಿರ ಮೇಷ್ಟ್ರು ನಿಂತರು. ಶಿಷ್ಯನೂ ನಿಂತ.

“ಇಲ್ಲಿ ಯಾಕೆ ನಿಲ್ತೀರಿ ಮೇಷ್ಟ್ರೇ?”

“ಇಲ್ಲಿ ನಿಂತ್ರೆ ಮುಂದಕ್ಕೆ ಹೋಗಬಹುದು.”

ಶಿಷ್ಯ ಅದನ್ನು ಬರೆದುಕೊಂಡ.

ಕಂಬದ ಹತ್ತಿರ ಕೇಳಿದ: “ಎಷ್ಟು ಹೊತ್ತು ನಿಲ್ಲಬೇಕು?”

“ಸಾಕು ಅನ್ನಿಸೋ ತನಕ.”

“ಸಾಕು ಅಂತ ಯಾರಿಗೆ ಅನ್ನಿಸಬೇಕು? ದೇಹಕ್ಕಾ, ಮನಸ್ಸಿಗಾ?”

“ಕಾಲಿಗೆ.”

ಅದನ್ನೂ ಬರೆದುಕೊಂಡ.

ಬಿದಿರ ಮೆಳೆಯ ಹತ್ತಿರ ಕೇಳಿದ: “ಕಣ್ಣು ಮುಚ್ಚಿದಾಗ ಏನು ಕಾಣುತ್ತೆ?”

“ಕಣ್ಣು ಮುಚ್ಚಿದರೆ ಏನಯ್ಯ ಕಾಣುತ್ತೆ!” ಎಂದರು ಮೇಷ್ಟ್ರು. “ಹೈಸ್ಕೂಲಲ್ಲೂ ನೀನು ಹೀಗೇ ಇದ್ದೆ.”

ಶಿಷ್ಯನಿಗೆ ಮೈ ಝುಮ್ಮೆಂದಿತು. ಏನೂ ಕಾಣದಿರುವುದೇ ಕಾಣುವುದು! ಇದಕ್ಕೆ ಒಂದು ಪೂರ್ತಿ ಪುಟ ಬೇಕೆಂದು ಅವನು ಅಲ್ಲೇ ತೀರ್ಮಾನಿಸಿದ.

ಮೋಸ ಮಾಡಲೆಂದು ಶಿಷ್ಯನಾದವನು ಅವನು. ಮೂರೇ ತಿಂಗಳಲ್ಲಿ ನಿಜವಾಗಿ ನಂಬಿಬಿಟ್ಟಿದ್ದ. ಸಾಮಾನ್ಯವಾಗಿ ಹೀಗೇ ಆಗುತ್ತದೆ.

*

ಬಿದಿರ ಮೆಳೆಯಿಂದ ಮಣ್ಣಿನ ಗುಡ್ಡೆಯವರೆಗೆ ದಾರಿ ಉದ್ದ. ಅಲ್ಲಿ ಏರೂ ಇದೆ. ನಡುವೆ ಕಲ್ಲಿಲ್ಲ. ಶಾಂತಮಲ್ಲಪ್ಪನಿಗೆ ದಿನವೂ ಹೆದರಿಕೆ ಇದ್ದದ್ದು ಅಲ್ಲೇ. ತುಟಿ ಕಚ್ಚಿಕೊಂಡು ಏರುತ್ತಿದ್ದ. ನಾಲ್ಕನೆಯ ಕಲ್ಲು ಮುಟ್ಟಿದಾಗ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಒಂದು ಶುಕ್ರವಾರ ಚಳಿ ಹೆಚ್ಚಿತ್ತು. ಏರಿನ ಅರ್ಧಕ್ಕೇ ಎದೆ ಬಿಗಿಯಿತು.

ಹಿಂದಿನಿಂದ ಬೂಟಿನ ಸದ್ದು ಬಂತು. ಮುದ್ದಯ್ಯ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು, ಐದು ಸುತ್ತಿನವರಲ್ಲೇ ಕುಲೀನರು. ಮೇಷ್ಟ್ರನ್ನು ಬಿಟ್ಟು ಬೇರೆ ಯಾರಿಗೂ ಅವರು ದಾರಿ ಬಿಡುತ್ತಿರಲಿಲ್ಲ.

“ಏನ್ರೀ ಶಾಂತಮಲ್ಲಪ್ಪ, ಮುಖ ಬೆಳ್ಳಗಾಗಿದೆ! ಬೆಂಚು ಖಾಲಿ ಇದೆಯಾ ನೋಡ್ಲಾ?”

“ಬೆಂಚು ನಿಮಗೇ ಇರಲಿ ಸಾರ್. ಇದು ಚಳಿಗೆ.”

“ಚಳಿಗೆ ಮುಖ ಕೆಂಪಾಗುತ್ತೆ ಕಣ್ರೀ. ಮೂವತ್ತೈದು ವರ್ಷ ಕಳ್ಳರ ಮುಖ ನೋಡಿದೀನಿ ನಾನು.”

ನಗುತ್ತ ಮುಂದೆ ಹೋದರು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರು.

ಶಾಂತಮಲ್ಲಪ್ಪನಿಗೆ ಇನ್ನು ಒಂದು ಹೆಜ್ಜೆಯೂ ಆಗದು. ನಿಂತರೆ ಬೆಂಚು, ನಡೆದರೆ ಏನಾಗುವುದೋ. ಅವನು ನಡೆಯುವುದೆಂದು ನಿಶ್ಚಯಿಸಿದ. ಆ ತೋಟದಲ್ಲಿ ಇನ್ನಾರಾಗಿದ್ದರೂ ಹಾಗೇ ಮಾಡುತ್ತಿದ್ದರು.

ಅಷ್ಟರಲ್ಲಿ ಅವನ ಭುಜದ ಮೇಲೆ ಒಂದು ಕೈ ಬಿತ್ತು.

ಮೇಷ್ಟ್ರು ನಿಂತಿದ್ದರು. ಕಣ್ಣು ಮುಚ್ಚಿದ್ದರು.

ಅಲ್ಲಿ ಕಲ್ಲಿರಲಿಲ್ಲ. ಎದುರಿಗೆ ಇದ್ದದ್ದು ನಗರಸಭೆಯ ಮೂತ್ರಾಲಯ.

ಶಾಂತಮಲ್ಲಪ್ಪ ನಿಂತ. ಉಸಿರು ಮೆಲ್ಲಗೆ ಹಿಂದಿರುಗಿತು. ಎದೆಯ ಬಿಗಿ ಸಡಿಲಾಯಿತು. ಮುಂದೆ ಮುದ್ದಯ್ಯನವರೂ ನಿಂತಿದ್ದರು. ಹನ್ನೆರಡು ವರ್ಷಗಳಲ್ಲಿ ಅವರು ನಡುದಾರಿಯಲ್ಲಿ ನಿಂತದ್ದು ಅದೇ ಮೊದಲು.

“ಆರನೇದು!” ಎಂದರು ಅವರು ಮಂಜಿಗೆ.

*

ಸಂಘದ ತುರ್ತು ಸಭೆ ಬಯಲಿನಲ್ಲೇ ಸೇರಿತು. ದೇವಸ್ಥಾನದಿಂದ ಧನುರ್ಮಾಸದ ಹುಗ್ಗಿ ಬಂದಿತ್ತು. ಎಲ್ಲರ ಕೈಯಲ್ಲೂ ಹಬೆಯಾಡುವ ದೊನ್ನೆ. ಮೇಷ್ಟ್ರು ತಮ್ಮ ಪಾಲಿನದನ್ನು ತಿಂದು ಆಗಲೇ ಮನೆಗೆ ಹೋಗಿದ್ದರು.

“ಭೂತಗಳು ಐದೇ. ಆರನೆಯದು ಎಲ್ಲಿಂದ ಬಂತು?” ಎಂದರು ಅನಸೂಯಮ್ಮ.

“ಚಕ್ರಗಳು ಆರು ಮೇಡಂ,” ಎಂದರು ಒಬ್ಬರು.

“ಋತುಗಳೂ ಆರು.”

“ಕಾಮ, ಕ್ರೋಧ ಎಲ್ಲ ಸೇರಿ ವೈರಿಗಳೂ ಆರೇ. ಆ ವೈರಿಗಳನ್ನು ವಿಸರ್ಜಿಸಬೇಕು ಅಂತ ಆ ಜಾಗ ಆರಿಸಿದಾರೆ.”

ಇದು ಹಲವರಿಗೆ ಹಿಡಿಸಿತು.

“ನೋಡಿ, ನಾನು ಕಣ್ಣಾರೆ ಕಂಡವನು,” ಎಂದರು ಮುದ್ದಯ್ಯ. “ಚಳಿಗಾಲ. ವಯಸ್ಸಾದವರು. ಎದುರಿಗೆ ಮೂತ್ರಾಲಯ. ಇದರಲ್ಲಿ ವೇದಾಂತ ಏನಿದೆ? ಅವಸರ ಇತ್ತು, ನಿಂತ್ರು.”

“ಒಳಗೆ ಹೋದ್ರಾ?”

ಮುದ್ದಯ್ಯ ದೊನ್ನೆಯನ್ನು ನೋಡಿದರು.

“ಹೋಗಲಿಲ್ಲ.”

“ಅದೇ ಸಂಯಮ!” ಎಂದಿತು ಸಭೆ.

ಸಂಕ್ರಾಂತಿಗೆ ಆರನೆಯ ಕಲ್ಲು ನೆಡುವುದು, ಮೂತ್ರಾಲಯವನ್ನು ಬೇರೆ ಕಡೆಗೆ ಸಾಗಿಸಲು ನಗರಸಭೆಗೆ ಅರ್ಜಿ ಕೊಡುವುದು ಎಂದು ತೀರ್ಮಾನವಾಯಿತು. ಕಲ್ಲಿನ ಮೇಲೆ ಏನು ಬರೆಸಬೇಕೆಂಬುದು ಮಾತ್ರ ಬಗೆಹರಿಯಲಿಲ್ಲ.

“ಶಾಂತಮಲ್ಲಪ್ಪನವರೇ, ನೀವು ಶಿಷ್ಯರು. ಸಮಯ ನೋಡಿ ನೀವೇ ಕೇಳಬೇಕು,” ಎಂದರು ಅನಸೂಯಮ್ಮ. “ಆ ಆರನೆಯ ಸ್ಥಾನ ಯಾವುದು ಅಂತ. ಅವರು ಏನಂದ್ರೂ ಸರಿ, ಒಂದಕ್ಷರ ಬಿಡದೆ ಬರೆದುಕೊಂಡು ಬನ್ನಿ.”

ಶಾಂತಮಲ್ಲಪ್ಪ ತಲೆಯಾಡಿಸಿದ.

ಕೇಳುವುದು ಏನಿದೆ? ಆರನೆಯದು ಯಾವುದೆಂದು ಅವನಿಗೆ ಗೊತ್ತಿತ್ತು. ಚಕ್ರವಲ್ಲ, ಋತುವಲ್ಲ. ಅವನ ಎದೆ. ಹೇಳದಿದ್ದರೂ ಮೇಷ್ಟ್ರಿಗೆ ತಿಳಿದಿದೆ. ಕಲ್ಲಿಲ್ಲದ ಕಡೆ, ಮೂತ್ರಾಲಯದ ಎದುರಿಗೆ, ಶಿಷ್ಯನೊಬ್ಬನ ಪ್ರಾಣಕ್ಕಾಗಿ ಗುರು ನಿಂತಿದ್ದಾನೆ.

ಆ ದಿನ ಅವನು ಪ್ರೆಸ್ಸಿನಲ್ಲಿ ಎರಡು ಕಾರ್ಡುಗಳ ಅಕ್ಷರ ತಪ್ಪು ಹಾಕಿದ. ರಾಜಮ್ಮಣ್ಣಿ ಬಡಿಸಿದ ಅವರೆಕಾಳು ಸಾರನ್ನು ಸುಮ್ಮನೆ ಉಂಡು, ಚೆನ್ನಾಗಿದೆ ಎಂದ.

“ಏನ್ರೀ ಆಯ್ತು ನಿಮಗೆ?” ಎಂದಳು ಅವಳು ಗಾಬರಿಯಾಗಿ.

*

ಮರುದಿನ ಮಂಜು ಇನ್ನೂ ದಟ್ಟವಾಗಿತ್ತು. ಗುರುಶಿಷ್ಯರು ಬಾವಿಯ ಹತ್ತಿರ ನಿಂತರು, ಕಂಬದ ಹತ್ತಿರ ನಿಂತರು, ಬಿದಿರಿನ ಹತ್ತಿರ ನಿಂತರು. ಶಿಷ್ಯ ಏನೂ ಕೇಳಲಿಲ್ಲ.

“ಏನಯ್ಯ, ಇವತ್ತು ಪ್ರಶ್ನೆ ಇಲ್ವಾ?” ಎಂದರು ಮೇಷ್ಟ್ರು. “ಒಳ್ಳೇದಾಯ್ತು.”

ಏರು ಬಂತು. ಶಿಷ್ಯನ ಕಿಸೆಯಲ್ಲಿ ಕಾಗದವಿತ್ತು, ಪೆನ್ನಿತ್ತು. ಮೂತ್ರಾಲಯದವರೆಗೆ ಹೋಗಿ ಅಲ್ಲಿ ಕಾಲಿಗೆ ಬೀಳಬೇಕೆಂದು ಅವನ ಯೋಚನೆ. ಆದರೆ ರಾತ್ರಿ ನಿದ್ದೆಯಾಗಿರಲಿಲ್ಲ. ಮೂತ್ರಾಲಯಕ್ಕೆ ಇನ್ನೂ ಮೂವತ್ತು ಹೆಜ್ಜೆ ಇರುವಾಗಲೇ ಎದೆ ಬಿಗಿಯಿತು.

ಬೂಟಿನ ಸದ್ದು ಹಿಂದೆ ಎಲ್ಲೋ ಕೇಳಿಸಿತು. ಅವನು ಹೆಜ್ಜೆ ಎತ್ತಲು ನೋಡಿದ.

ಮೇಷ್ಟ್ರು ಅವನ ಮುಖ ನೋಡಿದರು.

“ನಿಲ್ಲು.”

“ಇಲ್ಲಿ ಕಲ್ಲಿಲ್ಲ ಮೇಷ್ಟ್ರೇ.”

“ನೆಲ ಇದೆಯಲ್ಲ.”

ಅವನು ನಿಂತ. ಬೂಟಿನ ಸದ್ದು ಹತ್ತಿರ ಬಂತು. ಮುದ್ದಯ್ಯ ಇಬ್ಬರನ್ನೂ ನೋಡಿದರು, ನೆಲವನ್ನು ನೋಡಿದರು. ಕಲ್ಲೂ ಇಲ್ಲ, ಮೂತ್ರಾಲಯವೂ ಇಲ್ಲ.

“ಏಳನೇದಾ?” ಎಂದು ಪಿಸುಗುಟ್ಟಿದರು.

“ನೀವು ನಡೀರಿ ಇನ್ಸ್‌ಪೆಕ್ಟರೇ,” ಎಂದರು ಮೇಷ್ಟ್ರು. “ನಿಮಗಿನ್ನೂ ಮೂರು ಸುತ್ತು ಬಾಕಿ.”

ಮುದ್ದಯ್ಯ ನಡೆದರು. ಸ್ವಲ್ಪ ನಿಧಾನವಾಗಿಯೇ ನಡೆದರು.

ಶಾಂತಮಲ್ಲಪ್ಪನ ಉಸಿರು ಹಿಂದಿರುಗಿತು. ಅದರ ಜೊತೆ ಕಣ್ಣೀರೂ ಬಂತು.

“ಮೇಷ್ಟ್ರೇ, ನಾನು ನಿಮಗೆ ಮೋಸ ಮಾಡಿದೆ. ನನಗೆ ವೈರಾಗ್ಯ ಗೀರಾಗ್ಯ ಏನೂ ಇರಲಿಲ್ಲ. ಭಾದ್ರಪದದಲ್ಲಿ ಎದೆಗೆ ಸ್ಟೆಂಟು ಹಾಕಿದಾರೆ. ನಿಂತ್ರೆ ಬೆಂಚಿಗೆ ಕೂರಿಸ್ತಾರಲ್ಲ ಅಂತ ಭಯ. ನಿಮ್ಮ ಜೊತೆ ಆದ್ರೆ ಮರ್ಯಾದೆಯಾಗಿ ನಿಲ್ಲಬಹುದು ಅಂತ ಶಿಷ್ಯ ಆದೆ.”

“ಸ್ಟೆಂಟಾ?” ಎಂದರು ಮೇಷ್ಟ್ರು. “ಅದನ್ನ ಇಟ್ಕೊಂಡು ಈ ಏರನ್ನ ಒಂದೇ ಉಸಿರಿಗೆ ಹತ್ತುತಿದ್ಯೇನೋ? ದಡ್ಡ! ಭೂಗೋಳದಲ್ಲಿ ನಿನ್ನನ್ನ ಫೇಲ್ ಮಾಡಿದ್ದು ಸರಿಯಾಗೇ ಇತ್ತು.”

ಶಿಷ್ಯ ಕಣ್ಣೊರೆಸಿಕೊಂಡ.

“ನಿಮಗೆ ಎಲ್ಲಾ ಗೊತ್ತಿತ್ತು.”

“ಏನು ಗೊತ್ತಿತ್ತು?”

“ನಿನ್ನೆ ಅಲ್ಲಿ ನಿಂತ್ರಲ್ಲ. ನನಗೋಸ್ಕರ ತಾನೇ ನಿಂತದ್ದು?”

“ನೀನು ಈಗ ಹೇಳಿದ ಮೇಲೆ ನನಗೆ ಗೊತ್ತಾಗಿದ್ದಯ್ಯ.”

“ನನ್ನ ಭುಜದ ಮೇಲೆ ಕೈ ಇಟ್ರಿ!”

“ಅಲ್ಲಿ ಹಿಡ್ಕೊಳ್ಳೋಕೆ ಬೇರೆ ಏನೂ ಇರಲಿಲ್ಲ.”

ನಗೆಕೂಟದವರು ಹಾಜರಿ ಮುಗಿಸಿರಬೇಕು. ಬಯಲಿನ ಕಡೆಯಿಂದ ನಗು ತೇಲಿ ಬಂತು.

ಶಾಂತಮಲ್ಲಪ್ಪ ಕಿಸೆಯಿಂದ ಕಾಗದ ತೆಗೆದ. ಪೆನ್ನು ತೆಗೆದ. ಒಂದಕ್ಷರವನ್ನೂ ಬಿಡಬಾರದು ಎಂದಿದ್ದರು ಅನಸೂಯಮ್ಮ.

“ಹಾಗಾದ್ರೆ ಹೋದ ವರ್ಷ ಐದೇ ಕಡೆ ನಿಲ್ತಿದ್ರಿ. ಈ ವರ್ಷ ಆರನೇದು ಯಾಕೆ ಬಂತು ಮೇಷ್ಟ್ರೇ?”

ಮೇಷ್ಟ್ರು ಮಫ್ಲರ್ ಬಿಗಿ ಮಾಡಿಕೊಂಡು ಅವನ ಭುಜದ ಮೇಲೆ ಕೈ ಇಟ್ಟರು.

“ಹೋದ ವರ್ಷ ನನಗೆ ಎಂಬತ್ತಮೂರು ಕಣಯ್ಯ. ಈಗ ಎಂಬತ್ತನಾಲ್ಕು.”